ಬೀಜವಿಲ್ಲದ ಎಣ್ಣೆ: ಯೀಸ್ಟಿನ ಮೇದಸ್ಸೂ ಇಂಧನದ ಲೆಕ್ಕವೂ

ಎಣ್ಣೆ ಎಂಬ ನಮ್ಮ ಮಾತಿನಲ್ಲಿಯೇ ಒಂದು ಬೀಜ ಅಡಗಿದೆ. ಎಳ್ಳಿನ ನೆಯ್ ಎಂಬುದೇ ಎಣ್ಣೆಯಾಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಂಸ್ಕೃತದ ತೈಲವೂ ತಿಲದಿಂದಲೇ ಹುಟ್ಟಿದ ಮಾತು. ಒಂದಕ್ಕೊಂದು ಬೇರೆಯಾದ ಎರಡು ಭಾಷಾವರ್ಗಗಳು ಈ ಒಂದು ವಿಷಯದಲ್ಲಿ ಒಂದೇ ಕಾಳನ್ನು ನೆನೆದುಕೊಂಡಿರುವುದು ಕುತೂಹಲಕರವಾಗಿದೆ. ಕಾಲಕ್ರಮದಲ್ಲಿ ಕೊಬ್ಬರಿಯದು, ಹರಳಿನದು, ಹೊಂಗೆಯದು ಎಲ್ಲವೂ ಎಣ್ಣೆಯೇ ಆದವು. ಕಡೆಗೆ ಭೂಗರ್ಭದಿಂದ ಎತ್ತಿದ ದ್ರವವನ್ನೂ ಕಲ್ಲೆಣ್ಣೆಯೆಂದು ಕರೆದೆವು. ಹೀಗೆ ಅರ್ಥವಿಸ್ತಾರ ಹೊಂದುತ್ತ ಬಂದ ಈ ಪದಕ್ಕೆ ಇಂದು ಇನ್ನೊಂದು ಅರ್ಥ ಬಂದು ಸೇರುತ್ತಲಿದೆ. ಬೀಜವಿಲ್ಲದ, ಗಿಡವಿಲ್ಲದ, ಗಾಣವನ್ನು ಕಾಣದ, ಬರಿಗಣ್ಣಿಗೆ ಗೋಚರಿಸದ ಒಂದು ಜೀವಿಯ ಒಡಲಲ್ಲಿ ಕೂಡಿದ ಎಣ್ಣೆ ಅದು. ಆ ಜೀವಿ ಯೀಸ್ಟು.

ಯೀಸ್ಟಿಗೂ ನಮ್ಮ ಶಾಸ್ತ್ರಗಳಿಗೂ ಹಳೆಯ ಪರಿಚಯವಿದೆ. ಹೆಂಡವನ್ನು ಹುದುಗಿಸುವ ದ್ರವ್ಯಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವವೆಂದು ಹೆಸರು. ಭೂತಗಳ ಕೂಟದಿಂದಲೇ ಚೈತನ್ಯ ಮೂಡುತ್ತದೆಂದು ವಾದಿಸಿದ ಚಾರ್ವಾಕರು ಕಿಣ್ವದಿಂದ ಮದಶಕ್ತಿ ಮೂಡುವುದನ್ನೇ ದೃಷ್ಟಾಂತವಾಗಿ ಹಿಡಿದರು. ಇಂದಿನ ವಿಜ್ಞಾನ ಪರಿಭಾಷೆಯಲ್ಲಿ ಕಿಣ್ವ ಎಂಬ ಮಾತು ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನುಗಳಿಗೆ ಮೀಸಲಾಗಿರುವುದರಿಂದ ಪ್ರಕೃತ ಲೇಖನದಲ್ಲಿ ಯೀಸ್ಟು ಎಂಬ ರೂಢಿಯ ಮಾತನ್ನೇ ಬಳಸಿದೆ. ಚಾರ್ವಾಕರ ದೃಷ್ಟಾಂತದಲ್ಲಿ ಒಂದು ಅಂಶ ಬಿಟ್ಟುಹೋಗಿದೆ ಎನ್ನಬಹುದು: ಕಿಣ್ವವೇ ಜೀವಂತವಾದುದು. ಈ ಸಂಗತಿ 19ನೆಯ ಶತಮಾನದಲ್ಲಿ ಲೂಯಿ ಪಾಶ್ಚರನ ಕಾಲಕ್ಕೆ ಸಿದ್ಧವಾಯಿತು.

ರೊಟ್ಟಿ ಉಬ್ಬಿಸುವ, ಮದ್ಯ ಮಾಡುವ ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಆ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಕ್ರಮ ನಮ್ಮ ದೇಶದಲ್ಲಿ ಈಗ ಸಾಮಾನ್ಯವಾಗಿದ್ದು, ಶೇಕಡ 20ರ ಮಿಶ್ರಣದ ಗುರಿಯನ್ನು 2025ರಲ್ಲಿ ಮುಟ್ಟಲಾಯಿತು. ಹಾಗಿರಲು ಎಣ್ಣೆಯ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕಾರಣ ಸರಳವಾದುದು. ಒಂದು ಕಿಲೋಗ್ರಾಂ ಮದ್ಯಸಾರದಲ್ಲಿ ಸುಮಾರು 27 ಮೆಗಾಜೂಲ್ ಶಕ್ತಿಯಿದ್ದರೆ ಅಷ್ಟೇ ತೂಕದ ಸಸ್ಯತೈಲದಲ್ಲಿ ಸುಮಾರು 37 ಇದೆ. ಭಾರ ಹೊರುವ ಲಾರಿ, ಉಳುವ ಟ್ರಾಕ್ಟರು ಡೀಸೆಲ್ಲನ್ನೇ ಬಯಸುತ್ತವೆ. ಆಕಾಶಕ್ಕೇರುವ ವಿಮಾನಕ್ಕಂತೂ ತಾನು ಹೊರುವ ಇಂಧನದ ಪ್ರತಿಯೊಂದು ಕಿಲೋಗ್ರಾಮಿನ ಲೆಕ್ಕವೂ ಮುಖ್ಯ. ಕಾರನ್ನು ವಿದ್ಯುತ್ತಿನಿಂದ ಓಡಿಸಬಹುದು. ಸಾಗರ ದಾಟುವ ವಿಮಾನವನ್ನು ಹಾಗೆ ಹಾರಿಸುವ ಉಪಾಯ ಇನ್ನೂ ಕೈಗೂಡಿಲ್ಲ. ಐರೋಪ್ಯ ಒಕ್ಕೂಟವು 2025ರಿಂದ ವಿಮಾನ ಇಂಧನದಲ್ಲಿ ಶೇಕಡ 2ರಷ್ಟಾದರೂ ಕಲ್ಲೆಣ್ಣೆಯ ಮೂಲದ್ದಲ್ಲದ ಸುಸ್ಥಿರ ಇಂಧನವಿರಬೇಕೆಂದು ವಿಧಿಸಿದೆ. 2030ಕ್ಕೆ ಅದು ಶೇಕಡ 6 ಆಗಬೇಕು. ಇಂದು ಆ ಇಂಧನ ಬಹುಮಟ್ಟಿಗೆ ಕರಿದುಳಿದ ಎಣ್ಣೆಯಿಂದಲೂ ಪ್ರಾಣಿಗಳ ಕೊಬ್ಬಿನಿಂದಲೂ ಬರುತ್ತಿದೆ. ಜಗತ್ತಿನ ಬಾಣಲೆಗಳಲ್ಲಿ ಕರಿದುಳಿಯುವ ಎಣ್ಣೆಗೆ ಒಂದು ಮಿತಿಯುಂಟಷ್ಟೆ. ಇನ್ನು ತಾಳೆ, ಸೋಯಾ ಎಣ್ಣೆಗಳನ್ನೇ ಸುಡುವುದಾದರೆ ಉಣ್ಣುವವರ ತಟ್ಟೆಗೂ ಹಾರುವವರ ತೊಟ್ಟಿಗೂ ಪೈಪೋಟಿ ಏರ್ಪಡುತ್ತದೆ. ತಾನು ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕೂ ಮಿಗಿಲಾದುದನ್ನು ಹೊರದೇಶಗಳಿಂದ ತರಿಸಿಕೊಳ್ಳುವ ಭಾರತಕ್ಕೆ ಇದು ಕೇವಲ ತಾತ್ತ್ವಿಕ ಪ್ರಶ್ನೆಯಲ್ಲ.

ಎಲ್ಲ ಯೀಸ್ಟುಗಳೂ ಎಣ್ಣೆ ಕೂಡಿಡುವುದಿಲ್ಲ. ಬಲ್ಲ ಸಾವಿರಾರು ಜಾತಿಗಳಲ್ಲಿ ಕೆಲವೇ ಹತ್ತಾರು ಜಾತಿಗಳಿಗೆ ಈ ಗುಣವಿದೆ. ಒಣಗಿಸಿದ ಕೋಶದ ತೂಕದಲ್ಲಿ ಶೇಕಡ 20ಕ್ಕಿಂತ ಹೆಚ್ಚು ಮೇದಸ್ಸಿದ್ದರೆ ಅದನ್ನು ತೈಲಧಾರಿ ಯೀಸ್ಟೆಂದು ಕರೆಯುವುದು ವಾಡಿಕೆ. ಕೆಲವು ಜಾತಿಗಳಲ್ಲಿ ಅದು ಶೇಕಡ 60ನ್ನೂ ಮೀರುವುದುಂಟು. ಮಣ್ಣಿನಲ್ಲಿ ವಾಸಿಸುವ ಲಿಪೊಮೈಸಿಸ್ ಸ್ಟಾರ್ಕಿಯೈ, ಕೆಂಬಣ್ಣದ ರೊಡೊಟೊರುಲಾ, ಹಾಲು ಮಾಂಸಗಳ ಮೇಲೆ ಕಾಣಿಸಿಕೊಳ್ಳುವ ಯಾರೋವಿಯಾ ಲಿಪೊಲಿಟಿಕಾ ಇವು ಪ್ರಸಿದ್ಧವಾದವು. ಕಡೆಯದರ ಹೆಸರಿನಲ್ಲಿ ಒಂದು ವಿನೋದವಿದೆ. ಲಿಪೊಲಿಟಿಕಾ ಎಂದರೆ ಕೊಬ್ಬನ್ನು ಕರಗಿಸುವುದು. ಕೊಬ್ಬು ತಿನ್ನುವುದಕ್ಕೆ ಹೆಸರಾದ ಈ ಜೀವಿಯನ್ನೇ ಇಂದು ಕೊಬ್ಬು ಕೂಡಿಸಲು ನಿಯೋಜಿಸಲಾಗಿದೆ. ಇವುಗಳ ಎಣ್ಣೆಯಲ್ಲಿ ಓಲಿಯಿಕ್ ಮತ್ತು ಪಾಮಿಟಿಕ್ ಆಮ್ಲಗಳೇ ಪ್ರಧಾನವಾಗಿದ್ದು, ಗುಣದಲ್ಲಿ ಅದು ತಾಳೆ ಎಣ್ಣೆಗೆ ಹತ್ತಿರವಾದುದು.

ಇವು ಎಣ್ಣೆಯನ್ನು ಕೂಡಿಡುವ ಬಗೆ ಬಹು ಸೊಗಸಾದುದು. ಸಕ್ಕರೆ, ಸಾರಜನಕ ಎರಡೂ ಧಾರಾಳವಾಗಿ ದೊರೆತರೆ ಯೀಸ್ಟು ಎಣ್ಣೆಯ ಗೋಜಿಗೆ ಹೋಗದೆ ಒಂದು ಎರಡಾಗಿ, ಎರಡು ನಾಲ್ಕಾಗಿ ವಂಶವೃದ್ಧಿಯಲ್ಲಿ ತೊಡಗುತ್ತದೆ. ಹೊಸ ಕೋಶ ಕಟ್ಟಲು ಪ್ರೋಟೀನು ಬೇಕು. ಪ್ರೋಟೀನಿಗೆ ಸಾರಜನಕ ಬೇಕು. ಸಾರಜನಕ ಮುಗಿದು ಸಕ್ಕರೆ ಮಾತ್ರ ಉಳಿದಾಗ ಬೆಳವಣಿಗೆ ನಿಲ್ಲುತ್ತದೆ, ಆದರೆ ಸಕ್ಕರೆಯ ಸೇವನೆ ನಿಲ್ಲುವುದಿಲ್ಲ. ಮನೆ ಕಟ್ಟಲು ಕಲ್ಲು ಸಿಗದ ಒಕ್ಕಲಿಗನು ಬಂದ ಧಾನ್ಯವನ್ನೆಲ್ಲ ಹಗೇವಿಗೆ ಸುರಿಯುವಂತೆ ಕೋಶವು ಬಂದ ಸಕ್ಕರೆಯನ್ನು ಎಣ್ಣೆಯ ಹನಿಗಳನ್ನಾಗಿ ಮಾಡಿ ಒಳಗೆ ತುಂಬಿಕೊಳ್ಳುತ್ತದೆ. ಆದುದರಿಂದ ಎಣ್ಣೆ ಬೇಕೆನ್ನುವವನು ಯೀಸ್ಟಿಗೆ ಮೊದಲು ಸಮೃದ್ಧಿಯನ್ನೂ ಅನಂತರ ಒಂದು ಬಗೆಯ ಕ್ಷಾಮವನ್ನೂ ಒದಗಿಸಬೇಕು.

ಈ ಕ್ಷಾಮದಲ್ಲಿ ಕೋಶದೊಳಗೆ ಏನು ನಡೆಯುತ್ತದೆಂಬುದನ್ನು 1970ರ ದಶಕದ ಕಡೆಯಿಂದ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕಾಲಿನ್ ರ‍್ಯಾಟ್ಲೆಜ್ ಮತ್ತು ಅವರ ಸಹೋದ್ಯೋಗಿಗಳು ಬಿಡಿಸಿ ತೋರಿಸಿದರು. ಸಾರಜನಕಕ್ಕಾಗಿ ಹಸಿದ ಕೋಶವು ತನ್ನಲ್ಲಿರುವ ಎ.ಎಂ.ಪಿ. ಎಂಬ ಅಣುವನ್ನೇ ಒಡೆದು ಅದರ ಅಮೋನಿಯವನ್ನು ಹೀರಿಕೊಳ್ಳುತ್ತದೆ. ಆದರೆ ಕೋಶದ ಶಕ್ತಿಗೃಹವಾದ ಮೈಟೊಕಾಂಡ್ರಿಯದಲ್ಲಿ ಸಿಟ್ರಿಕ್ ಆಮ್ಲದ ಚಕ್ರವನ್ನು ಮುಂದಕ್ಕೆ ತಳ್ಳುವ ಒಂದು ಕಿಣ್ವಕ್ಕೆ ಆ ಎ.ಎಂ.ಪಿ.ಯೇ ಚಾಲಕ. ಅದು ಕಡಿಮೆಯಾದೊಡನೆ ಚಕ್ರ ಆ ಹಲ್ಲಿನಲ್ಲಿ ಸಿಕ್ಕಿ ನಿಲ್ಲುತ್ತದೆ. ಸಿಟ್ರಿಕ್ ಆಮ್ಲ ಅಲ್ಲಿ ಶೇಖರವಾಗಿ ಹೊರಕ್ಕೆ ಸೋರುತ್ತದೆ. ಹೊರಗೆ ಅದಕ್ಕಾಗಿ ಇನ್ನೊಂದು ಕಿಣ್ವ ಕಾದಿದೆ. ಎ.ಟಿ.ಪಿ. ಸಿಟ್ರೇಟ್ ಲೈಯೇಸ್ ಎಂಬ ಆ ಕಿಣ್ವವು ಸಿಟ್ರಿಕ್ ಆಮ್ಲವನ್ನು ಕತ್ತರಿಸಿ, ಮೇದಾಮ್ಲಗಳಿಗೆ ಇಟ್ಟಿಗೆಯಾದ ಎರಡು ಇಂಗಾಲದ ತುಣುಕನ್ನು ಒದಗಿಸುತ್ತದೆ. ಆ ತುಣುಕುಗಳು ಎರಡೆರಡಾಗಿ ಪೋಣಿಸಿಕೊಂಡು 16 ಅಥವಾ 18 ಇಂಗಾಲಗಳ ಸರಪಣಿಯಾಗುತ್ತವೆ. ರೊಟ್ಟಿಯ ಯೀಸ್ಟಿನಲ್ಲಿ ಈ ಕತ್ತರಿ ಕಿಣ್ವವೇ ಇಲ್ಲ. ಒಂದೇ ಕುಲದ ಒಂದು ಜೀವಿ ಕೊಬ್ಬಿ, ಇನ್ನೊಂದು ತೆಳ್ಳಗೆ ಉಳಿಯುವುದರ ರಹಸ್ಯ ಬಹುಮಟ್ಟಿಗೆ ಇಲ್ಲಿದೆ.

ಇಷ್ಟನ್ನು ತಿಳಿದ ಮೇಲೆ ಉತ್ಸಾಹಪಡುವುದು ಸಹಜ. ಎಣ್ಣೆತಾಳೆಯ ಗಿಡ ನೆಟ್ಟು ಮೊದಲ ಫಲಕ್ಕಾಗಿ ಮೂರು ನಾಲ್ಕು ವರ್ಷ ಕಾಯಬೇಕು. ಯೀಸ್ಟಿನ ತೊಟ್ಟಿಯಲ್ಲಿ ನಾಲ್ಕಾರು ದಿನಗಳಲ್ಲಿ ಎಣ್ಣೆ ಸಿದ್ಧ. ಮಳೆ, ಬಿಸಿಲು, ಋತುಗಳ ಹಂಗಿಲ್ಲ. ತಾಳೆಯ ತೋಟಕ್ಕಾಗಿ ಕಾಡು ಕಡಿಯಬೇಕಾಗಿಲ್ಲ. ಜನಪ್ರಿಯ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ನಿಲ್ಲಬಾರದ ಸ್ಥಳವೂ ಇದೇ. ಯೀಸ್ಟು ಹಸಿರು ಗಿಡವಲ್ಲ. ಸೂರ್ಯನಿಂದ ಅದು ಏನನ್ನೂ ನೇರವಾಗಿ ಪಡೆಯಲಾರದು. ಎಲ್ಲಿಯೋ ಒಂದು ಗಿಡ ಬಿಸಿಲನ್ನು ಹೀರಿ ಮಾಡಿದ ಸಕ್ಕರೆಯನ್ನು ಅದು ಎಣ್ಣೆಯಾಗಿ ಪರಿವರ್ತಿಸುತ್ತದೆಯೇ ಹೊರತು ಎಣ್ಣೆಯನ್ನು ಸೃಷ್ಟಿಸುವುದಿಲ್ಲ. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಸಕ್ಕರೆಗೆ ಎಷ್ಟು ಎಣ್ಣೆ ಎಂಬುದು.

ಗ್ಲೂಕೋಸಿನಲ್ಲಿ ಆರು ಇಂಗಾಲಗಳಿವೆ. ಅದು ಮೂರು ಇಂಗಾಲಗಳ ಎರಡು ತುಂಡುಗಳಾಗಿ ಒಡೆಯುತ್ತದೆ. ಪ್ರತಿಯೊಂದು ತುಂಡೂ ಎರಡು ಇಂಗಾಲದ ಇಟ್ಟಿಗೆಯಾಗುವಾಗ ಒಂದು ಇಂಗಾಲ ಅನಿಲವಾಗಿ ಹಾರಿಹೋಗುತ್ತದೆ. ಎಣ್ಣೆಯ ಮೊದಲ ಕೊಂಡಿ ಕೂಡುವ ಮೊದಲೇ ಮೂರರಲ್ಲಿ ಒಂದು ಪಾಲು ನಷ್ಟವಾಯಿತು. ಮುಂದಿನ ಕೆಲಸಕ್ಕೆ ಬೇಕಾದ ಶಕ್ತಿಗಾಗಿ ಮತ್ತಷ್ಟು ಸಕ್ಕರೆ ಉರಿಯಬೇಕು. ಹೀಗಾಗಿ 100 ಕಿಲೋಗ್ರಾಂ ಗ್ಲೂಕೋಸಿನಿಂದ ಶಾಸ್ತ್ರೀಯವಾಗಿ ಸಾಧ್ಯವಾದ ಗರಿಷ್ಠ ಎಣ್ಣೆ ಸುಮಾರು 32 ಕಿಲೋಗ್ರಾಂ. ವ್ಯವಹಾರದಲ್ಲಿ 20 ದೊರೆತರೆ ಒಳ್ಳೆಯ ಫಲವೆನ್ನಬೇಕು. ಅದೇ ಸಕ್ಕರೆಯಿಂದ 51 ಕಿಲೋಗ್ರಾಂ ಮದ್ಯಸಾರ ಶಾಸ್ತ್ರಸಾಧ್ಯ; ಕಾರ್ಖಾನೆಗಳು ಅದರ ಹತ್ತರಲ್ಲಿ ಒಂಬತ್ತು ಪಾಲನ್ನಾದರೂ ಪಡೆಯುತ್ತವೆ. ಎಣ್ಣೆಯ ಹೆಚ್ಚಿನ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದರೂ ಮದ್ಯಸಾರವೇ ಮುಂದೆ ನಿಲ್ಲುತ್ತದೆ. ಸಕ್ಕರೆಗೆ ಕಿಲೋಗ್ರಾಮಿಗೆ 40 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕಿಲೋಗ್ರಾಂ ಯೀಸ್ಟ್ ಎಣ್ಣೆಗೆ ಸಕ್ಕರೆಯ ಬೆಲೆಯೇ 200 ರೂಪಾಯಿ. ಇಷ್ಟು ತೆತ್ತು ಮಾಡಿದ ಎಣ್ಣೆ ಒಂದು ಲೀಟರಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಡೀಸೆಲ್ಲಿನೊಡನೆ ಸ್ಪರ್ಧಿಸಬೇಕು.

ವೆಚ್ಚ ಅಲ್ಲಿಗೇ ಮುಗಿಯುವುದಿಲ್ಲ. ಮದ್ಯಸಾರದ ಹುದುಗುವಿಕೆ ಗಾಳಿಯಿಲ್ಲದೆ ತಾನಾಗಿ ನಡೆಯುತ್ತದೆ. ಎಣ್ಣೆಯ ಯೀಸ್ಟಿಗೆ ಎಡೆಬಿಡದೆ ಆಮ್ಲಜನಕ ಬೇಕು. ಲಕ್ಷಾಂತರ ಲೀಟರಿನ ತೊಟ್ಟಿಗೆ ಹಗಲಿರುಳು ಗಾಳಿ ಊದಿ ಕಲಕಲು ವಿದ್ಯುತ್ತು ವ್ಯಯವಾಗುತ್ತದೆ. ಮದ್ಯಸಾರ ಕೋಶದ ಹೊರಕ್ಕೆ ಬರುತ್ತದೆ, ಬಟ್ಟಿಯಿಳಿಸಿದರೆ ಸಾಕು. ಎಣ್ಣೆಯಾದರೋ ಗಟ್ಟಿ ಗೋಡೆಯ ಕೋಶದ ಒಳಗೆ ಉಳಿದಿದೆ. ಕೋಶಗಳನ್ನು ನೀರಿನಿಂದ ಬೇರ್ಪಡಿಸಿ, ಒಡೆದು, ಹೆಕ್ಸೇನಿನಂಥ ದ್ರಾವಕದಲ್ಲಿ ಎಣ್ಣೆಯನ್ನು ಕರಗಿಸಿ ತೆಗೆಯಬೇಕು. ಅಲ್ಲಿಂದ ಮುಂದಿನ ದಾರಿ ಹೊಸದೇನಲ್ಲ. ಮೆಥನಾಲಿನೊಡನೆ ಕ್ಷಾರದ ನೆರವಿನಿಂದ ಬೆರೆಸಿದರೆ ಜೈವಿಕ ಡೀಸೆಲ್ಲು, ಜೊತೆಗೆ ತೂಕದಲ್ಲಿ ಹತ್ತನೆಯ ಒಂದು ಪಾಲಿನಷ್ಟು ಗ್ಲಿಸರಿನ್. ಜಲಜನಕದೊಡನೆ ಒತ್ತಡದಲ್ಲಿ ಸಂಸ್ಕರಿಸಿದರೆ ವಿಮಾನದ ಇಂಧನ. ಈ ಎರಡನೆಯ ಕ್ರಮದ ಇಂಧನವನ್ನು ಅರ್ಧದವರೆಗೆ ಬೆರೆಸಲು 2011ರಲ್ಲಿಯೇ ಅಂತರರಾಷ್ಟ್ರೀಯ ಮಾನದಂಡ ಒಪ್ಪಿಗೆಯಿತ್ತಿದೆ.

ಈ ಹಿನ್ನೆಲೆಯಲ್ಲಿ ಯೀಸ್ಟ್ ಎಣ್ಣೆಯ ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಮರಳಿ ಮರಳಿ ಕಾಣಸಿಗುತ್ತದೆ. ವಿಜ್ಞಾನ ಪ್ರತಿ ಸಲವೂ ಗೆದ್ದಿದೆ, ಲೆಕ್ಕದ ಪುಸ್ತಕ ಪ್ರತಿ ಸಲವೂ ಸೋತಿದೆ. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ನೌಕಾದಿಗ್ಬಂಧನದಿಂದ ಜರ್ಮನಿಗೆ ಕೊಬ್ಬು, ಎಣ್ಣೆಗಳ ಆಮದು ನಿಂತುಹೋಯಿತು. ಬರ್ಲಿನ್ನಿನ ಪಾಲ್ ಲಿಂಡ್ನರ್ ಎಂಬ ವಿಜ್ಞಾನಿ ಮರದಿಂದ ಸೋರುವ ರಸದಲ್ಲಿ ಬೆಳೆಯುವ ಎಂಡೊಮೈಸಿಸ್ ವರ್ನಾಲಿಸ್ ಎಂಬ ಯೀಸ್ಟಿನಲ್ಲಿ ಕೊಬ್ಬಿರುವುದನ್ನು ಕಂಡು ಆಳವಿಲ್ಲದ ಹರಿವಾಣಗಳಲ್ಲಿ ಅದನ್ನು ಬೆಳೆಸುವ ಕ್ರಮ ರೂಪಿಸಿದನು. ಯುದ್ಧ ಮುಗಿದು ಹಡಗುಗಳು ಮತ್ತೆ ಎಣ್ಣೆ ತಂದವು; ಹರಿವಾಣಗಳು ಬರಿದಾದವು. ಎರಡನೆಯ ಯುದ್ಧದಲ್ಲಿಯೂ ಇಂಥವೇ ಪ್ರಯತ್ನಗಳು ನಡೆದು ಅನಂತರ ನಿಂತವು.

1960ರ ದಶಕದ ಕಥೆ ಇದಕ್ಕೆ ತದ್ವಿರುದ್ಧವಾದುದು. ಆಗ ಕಲ್ಲೆಣ್ಣೆ ಅಗ್ಗವಾಗಿತ್ತು, ಜಗತ್ತಿನ ಚಿಂತೆ ಪ್ರೋಟೀನಿನ ಅಭಾವದ್ದಾಗಿತ್ತು. ಫ್ರಾನ್ಸಿನ ಮಾರ್ಸೇ ನಗರದ ಬಳಿಯ ಲಾವೆರಾ ಎಂಬಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಕಂಪನಿಯ ಶುದ್ಧೀಕರಣಾಗಾರದಲ್ಲಿ ಆಲ್ಫ್ರೆಡ್ ಶಾಂಪನ್ಯಾ ಅವರು ಯೀಸ್ಟಿಗೆ ಕಲ್ಲೆಣ್ಣೆಯ ಮೇಣವನ್ನೇ ತಿನ್ನಿಸಿ ಪ್ರೋಟೀನು ಬೆಳೆಸಿದರು. ಆ ಕಂಪನಿ ಬಳಸಿದ ಯೀಸ್ಟುಗಳಲ್ಲಿ ಮೇಲೆ ಹೇಳಿದ ಲಿಪೊಲಿಟಿಕಾವೂ ಒಂದು. ಈ ಕೆಲಸಕ್ಕೆ 1976ರಲ್ಲಿ ಯುನೆಸ್ಕೋದ ವಿಜ್ಞಾನ ಪ್ರಶಸ್ತಿ ದೊರೆಯಿತು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂದು ಅಗ್ಗದ ಕಲ್ಲೆಣ್ಣೆಯ ಕಾಲ ಮುಗಿದಿತ್ತು. ಇಟಲಿಯ ಸಾರ್ಡೀನಿಯಾ ದ್ವೀಪದ ಸಾರೊಕ್‌ನಲ್ಲಿ ವರ್ಷಕ್ಕೆ 1 ಲಕ್ಷ ಟನ್ನಿನ ಕಾರ್ಖಾನೆ ಕಟ್ಟಿ ನಿಲ್ಲಿಸಿದ್ದರೂ, ಆರೋಗ್ಯದ ಶಂಕೆಗಳಿಂದ ಸರ್ಕಾರದ ಅನುಮತಿ ದೊರೆಯದೆ ಅದು ನಡೆಯಲೇ ಇಲ್ಲ. ಅಂದು ಎಣ್ಣೆಯನ್ನು ಅನ್ನವಾಗಿಸಲು ಹೊರಟಿದ್ದೆವು. ಇಂದು ಅದೇ ಜೀವಿಯಿಂದ ಅನ್ನವನ್ನು ಎಣ್ಣೆಯಾಗಿಸಲು ಹೊರಟಿದ್ದೇವೆ. ಯೀಸ್ಟು ಎರಡಕ್ಕೂ ಒಪ್ಪುತ್ತದೆ, ಅದಕ್ಕೆ ಪಕ್ಷಪಾತವಿಲ್ಲ.

1980ರ ದಶಕದಲ್ಲಿ ನ್ಯೂಜಿಲೆಂಡ್ ಮತ್ತು ಹಾಲೆಂಡಿನಲ್ಲಿ ಗಿಣ್ಣು ಮಾಡುವಾಗ ಉಳಿಯುವ ಹಾಲಿನ ತಿಳಿಯ ಮೇಲೆ ಯೀಸ್ಟು ಬೆಳೆಸಿ ಕೋಕೋ ಬೆಣ್ಣೆಗೆ ಬದಲಿಯಾದ ಕೊಬ್ಬು ಪಡೆಯುವ ಪ್ರಯೋಗಗಳು ಯಶಸ್ವಿಯಾದವು. ಕೋಕೋ ಬೆಲೆ ಇಳಿದೊಡನೆ ಅವೂ ಕಪಾಟು ಸೇರಿದವು.

ನಮ್ಮ ಕಾಲದ ಉದಾಹರಣೆಯಂತೂ ಇನ್ನೂ ಬೋಧಪ್ರದವಾದುದು. ಕ್ಯಾಲಿಫೋರ್ನಿಯದ ಅಮೈರಿಸ್ ಎಂಬ ಸಂಸ್ಥೆ ರೊಟ್ಟಿಯ ಯೀಸ್ಟಿನ ವಂಶವಾಹಿಗಳನ್ನೇ ತಿದ್ದಿ, ಅದು ಕಬ್ಬಿನ ಸಕ್ಕರೆಯಿಂದ ಫಾರ್ನೆಸೀನ್ ಎಂಬ 15 ಇಂಗಾಲಗಳ ತೈಲವನ್ನು ಮಾಡುವಂತೆ ಅಳವಡಿಸಿತು. ಇದು ಮೇದಸ್ಸಲ್ಲ, ಡೀಸೆಲ್ಲಿಗೆ ಹತ್ತಿರದ ಜಲಜನಕ ಇಂಗಾಲಗಳ ಸಂಯುಕ್ತ. ಅದು ಕೋಶದಿಂದ ತಾನಾಗಿ ಹೊರಬರುವುದರಿಂದ ಕೋಶ ಒಡೆಯುವ ತೊಡಕೂ ಇಲ್ಲ. 2012ರ ಕಡೆಯಲ್ಲಿ ಬ್ರೆಜಿಲ್ಲಿನ ಬ್ರೋತಾಸ್ ಎಂಬಲ್ಲಿ, ಕಬ್ಬಿನ ನಾಡಿನ ನಡುವೆ, ಕಾರ್ಖಾನೆ ಆರಂಭವಾಯಿತು. ಬ್ರೆಜಿಲ್ಲಿನ ನಗರಗಳಲ್ಲಿ ಬಸ್ಸುಗಳು ಈ ಡೀಸೆಲ್ಲಿನಿಂದ ಓಡಿದವು. 2014ರಲ್ಲಿ ಇದನ್ನು ವಿಮಾನ ಇಂಧನಕ್ಕೆ ಶೇಕಡ 10ರವರೆಗೆ ಬೆರೆಸಲು ಅನುಮತಿ ದೊರೆತು, ಅದೇ ವರ್ಷ ಆರ್ಲೆಂಡೋದಿಂದ ಸಾವೊ ಪಾವ್ಲೋಗೆ ವಿಮಾನವೊಂದು ಪ್ರಯಾಣಿಕರನ್ನು ಹೊತ್ತು ಹಾರಿತು. ಆದರೆ ಇಂಧನದ ಬೆಲೆಗೆ ಮಾರಿದರೆ ಸಕ್ಕರೆಯ ಬೆಲೆಯೂ ಹುಟ್ಟುತ್ತಿರಲಿಲ್ಲ. ಅದೇ ಫಾರ್ನೆಸೀನಿನಿಂದ ಮುಖಲೇಪನಗಳಲ್ಲಿ ಬಳಸುವ ಸ್ಕ್ವಾಲೇನ್ ಮಾಡಿದರೆ ಹಲವು ಪಟ್ಟು ಬೆಲೆ ಬರುತ್ತಿತ್ತು. ಸಂಸ್ಥೆ ಆ ಕಡೆಗೆ ತಿರುಗಿತು. 2023ರ ಆಗಸ್ಟಿನಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. ಸ್ಕ್ವಾಲೇನನ್ನು ಹಿಂದೆ ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತಿದ್ದರಾಗಿ, ಯೀಸ್ಟಿನಿಂದ ಆ ಮೀನಿಗೆ ಒಂದಿಷ್ಟು ಉಪಕಾರವಾಯಿತೆನ್ನಬಹುದು. ಆದರೆ ಬಸ್ಸುಗಳು ಹಳೆಯ ಡೀಸೆಲ್ಲಿಗೇ ಮರಳಿದವು.

ಹಾಗಾದರೆ ಯೀಸ್ಟಿಗೆ ಏನನ್ನು ತಿನ್ನಿಸಬೇಕು? ಮನುಷ್ಯನೂ ದನವೂ ತಿನ್ನದ, ಬೇರೆಯವರು ಕೊಳ್ಳದ ವಸ್ತುವನ್ನು ಎಂಬುದು ಸಾಮಾನ್ಯವಾದ ಉತ್ತರ. ಹುಲ್ಲು, ಕಬ್ಬಿನ ಸಿಪ್ಪೆಗಳಲ್ಲಿ ಸೆಲ್ಯುಲೋಸಿನ ರೂಪದಲ್ಲಿ ಗ್ಲೂಕೋಸು ಬಂಧಿತವಾಗಿದೆ. ಅದರೊಡನೆ ಐದು ಇಂಗಾಲಗಳ ಕ್ಸೈಲೋಸ್ ಎಂಬ ಸಕ್ಕರೆಯೂ ಇದೆ. ಈ ಕ್ಸೈಲೋಸನ್ನು ರೊಟ್ಟಿಯ ಯೀಸ್ಟು ಸ್ವಭಾವತಃ ಮುಟ್ಟಲಾರದು; ರೊಡೊಟೊರುಲಾ, ಲಿಪೊಮೈಸಿಸ್‌ಗಳು ಅದನ್ನು ತಿಂದು ಎಣ್ಣೆ ಮಾಡುತ್ತವೆ. ತೈಲಧಾರಿ ಯೀಸ್ಟಿನ ನಿಜವಾದ ಮೇಲುಗೈ ಇಲ್ಲಿಯೇ ಇದೆಯೆಂಬುದು ನನ್ನ ಅಭಿಪ್ರಾಯ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯ ವಿಜ್ಞಾನಿಗಳು ಕಬ್ಬಿನ ಸಿಪ್ಪೆಯ ಐದಿಂಗಾಲದ ಸಕ್ಕರೆಯ ಮೇಲೆ ರೊಡೊಟೊರುಲಾ ಜಾತಿಯೊಂದನ್ನು ಬೆಳೆಸಿ ಎಣ್ಣೆ ಪಡೆದಿದ್ದಾರೆ. 2018ರ ಆಗಸ್ಟ್ 27ರಂದು ಡೆಹ್ರಾಡೂನಿನಿಂದ ದೆಹಲಿಗೆ ಹಾರಿದ ವಿಮಾನಕ್ಕೆ ಕಾಡುಹರಳಿನ ಎಣ್ಣೆಯಿಂದ ಇಂಧನ ಸಿದ್ಧಪಡಿಸಿದುದೂ ಇದೇ ಸಂಸ್ಥೆ. ಆದುದರಿಂದ ತೊಟ್ಟಿಯಿಂದ ವಿಮಾನದವರೆಗಿನ ಎರಡು ತುದಿಗಳೂ ನಮ್ಮ ದೇಶದಲ್ಲಿ ಒಂದೇ ಸೂರಿನಡಿ ಇವೆ.

ಆದರೂ ಕಸ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಯೊಂದನ್ನು ಹೊಕ್ಕು ನೋಡಿದವರಿಗೆ ಇದು ಸ್ಪಷ್ಟವಾಗುತ್ತದೆ. ಕಬ್ಬಿನ ತೂಕದಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚಾದ ಸಿಪ್ಪೆ ಅಲ್ಲಿ ಎಸೆಯುವ ವಸ್ತುವಲ್ಲ. ಅದನ್ನು ಉರಿಸಿಯೇ ಕಾರ್ಖಾನೆ ನಡೆಯುತ್ತದೆ, ಮಿಕ್ಕ ವಿದ್ಯುತ್ತು ಮಾರಾಟವಾಗುತ್ತದೆ. ಕಾಕಂಬಿ ಮದ್ಯಸಾರಕ್ಕೆ ಹೋಗುತ್ತದೆ. ಜೋಳದ ದಂಟು ದನಗಳ ಮೇವು. ನಮ್ಮ ಹಳ್ಳಿಗಳಲ್ಲಿ ಒಡೆಯನಿಲ್ಲದ ಕಸ ಬಹಳ ಕಡಿಮೆ. ಪಂಜಾಬ, ಹರಿಯಾಣಗಳಲ್ಲಿ ಗದ್ದೆಯಲ್ಲಿಯೇ ಸುಡುವ ಭತ್ತದ ಹುಲ್ಲಿನಂಥವು ನಿಜವಾದ ಅವಕಾಶಗಳು. ಅವನ್ನು ಕೂಡಿಸಿ ಸಾಗಿಸುವ ಖರ್ಚು, ಆಮ್ಲದಲ್ಲಿ ಬೇಯಿಸಿದಾಗ ಹುಟ್ಟುವ ಫರ್ಫ್ಯೂರಲ್ ಮೊದಲಾದ ವಿಷಗಳನ್ನು ಯೀಸ್ಟು ತಾಳಿಕೊಳ್ಳುವ ಸಾಮರ್ಥ್ಯ ಇವೆರಡರ ಮೇಲೆ ಅಲ್ಲಿನ ಭವಿಷ್ಯ ನಿಂತಿದೆ. ಜೈವಿಕ ಡೀಸೆಲ್ಲಿನ ಉಪೋತ್ಪನ್ನವಾದ ಕಚ್ಚಾ ಗ್ಲಿಸರಿನ್ ಇನ್ನೊಂದು ಒಳ್ಳೆಯ ಆಹಾರ. ಎಣ್ಣೆಯಿಂದ ಡೀಸೆಲ್ಲು ತೆಗೆದುಳಿದುದನ್ನು ತಿಂದು ಯೀಸ್ಟು ಮತ್ತೆ ಎಣ್ಣೆಯನ್ನು ಕೊಡುತ್ತದೆ. ಪ್ರಮಾಣ ಮಾತ್ರ ಅಲ್ಪ.

ಸದ್ಯಕ್ಕೆ ಯೀಸ್ಟ್ ಎಣ್ಣೆಯನ್ನು ಮಾರುತ್ತಿರುವವರು ಇಂಧನದ ಅಂಗಡಿಯಲ್ಲಿ ಮಾರುತ್ತಿಲ್ಲ. ನ್ಯೂಯಾರ್ಕಿನ ಸಿ-16 ಬಯೋಸೈನ್ಸಸ್ ಸಂಸ್ಥೆ ತಾಳೆ ಎಣ್ಣೆಯ ಬದಲಿಗೆಂದು ಸೌಂದರ್ಯಸಾಧನಗಳಿಗೆ ಅದನ್ನು ಒದಗಿಸುತ್ತಿದೆ. ಹೆಚ್ಚು ಬೆಲೆಯ ಸಣ್ಣ ಮಾರುಕಟ್ಟೆಯಲ್ಲಿ ಕಾಲೂರಿ ಕ್ರಮೇಣ ದೊಡ್ಡ ಮಾರುಕಟ್ಟೆಗೆ ಇಳಿಯುವುದು ವ್ಯಾಪಾರದ ನೀತಿಯಿರಬಹುದು; ಅಮೈರಿಸ್ ಇಳಿಯಲು ಹೋಗಿ ಮೇಲೇರಿದ್ದನ್ನು ಕಂಡವರಿಗೆ ಅದರಲ್ಲಿ ಪೂರ್ಣ ವಿಶ್ವಾಸ ಹುಟ್ಟುವುದಿಲ್ಲ.

ಗಿಡದ ಹಂಗನ್ನೇ ತೊರೆಯುವ ಒಂದು ಮಾರ್ಗವೂ ಉಂಟು. ಅಮೆರಿಕದ ಮೆಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಗ್ರೆಗರಿ ಸ್ಟೆಫನೊಪೌಲೋಸ್ ಅವರ ತಂಡ 2016ರಲ್ಲಿ ಎರಡು ಪಾತ್ರೆಗಳ ಒಂದು ಏರ್ಪಾಡನ್ನು ಪ್ರಕಟಿಸಿತು. ಮೊದಲನೆಯ ಪಾತ್ರೆಯಲ್ಲಿ ಮೂರೆಲ್ಲಾ ಎಂಬ ಬ್ಯಾಕ್ಟೀರಿಯ, ಇಂಗಾಲಾಮ್ಲ ಅನಿಲ ಮತ್ತು ಜಲಜನಕಗಳನ್ನು ಸೇವಿಸಿ ವಿನಿಗರಿನ ಸತ್ವವಾದ ಅಸಿಟಿಕ್ ಆಮ್ಲವನ್ನು ಕೊಡುತ್ತದೆ. ಎರಡನೆಯ ಪಾತ್ರೆಯಲ್ಲಿ ಯಾರೋವಿಯಾ ಆ ಆಮ್ಲವನ್ನು ತಿಂದು ಎಣ್ಣೆಯಾಗಿಸುತ್ತದೆ. ಬ್ಯಾಕ್ಟೀರಿಯಕ್ಕೆ ಆಮ್ಲಜನಕ ಸೋಂಕಿದರೆ ಆಗದು, ಯೀಸ್ಟಿಗೆ ಆಮ್ಲಜನಕವಿಲ್ಲದೆ ಆಗದು; ಅದಕ್ಕಾಗಿಯೇ ಎರಡು ಪಾತ್ರೆ. ಇಲ್ಲಿ ಹೊಲ ಬೇಡ, ಕಬ್ಬು ಬೇಡ. ಬೇಕಾದುದು ಜಲಜನಕ. ಅದನ್ನು ನೀರಿನಿಂದ ಬಿಡಿಸಲು ವಿದ್ಯುತ್ತು ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಉಳಿಸಿದ್ದಕ್ಕಿಂತ ಹೆಚ್ಚು ಹೊಗೆ ಆಕಾಶಕ್ಕೆ ಸೇರುತ್ತದೆ. ಬಿಸಿಲಿನಿಂದಲೋ ಗಾಳಿಯಿಂದಲೋ ಬಂದರೆ, ಯೀಸ್ಟು ಉಸಿರಾಗಿ ಬಿಡುವ ಅನಿಲವನ್ನು ಕೂಡ ಮೊದಲ ಪಾತ್ರೆಗೆ ಮರಳಿಸಬಹುದು.